ಮುಷ್ಟಿ ಅಕ್ಕಿಯ ಪುಟಗಳು

ನೋಡಿಕೊಳ್ಳಲು ಕೈಲಾಗದ ದಿನ ಬಂದರೆ ಮಗಳು ಯಶ್ಮಿತಾಳಿಗೆ ಇಲ್ಲಿ ಒಂದು ಮಂಚ ಉಂಟು ಎಂದು ಹರಿನಾರಾಯಣ ಮಾಸ್ಟ್ರು ಕಮಲಳಿಗೆ ಮಾತು ಕೊಟ್ಟದ್ದು 2003ರಲ್ಲಿ. ಎದ್ದು ಕೂರಲಾಗದ ಮಕ್ಕಳಿಗಾಗಿ ಅವರು ಬೋವಿಕಾನದಲ್ಲಿ ಆಶ್ರಯವೊಂದನ್ನು ಕಟ್ಟಿದ ವರ್ಷ ಅದು. ದುಡ್ಡಿಲ್ಲದ ಮನೆಗಳಿಂದ ಅವರು ಅಕ್ಕಿ ಕೇಳಿದರು. ಅನ್ನಕ್ಕೆ ಅಕ್ಕಿ ಅಳೆಯುವಾಗ ದಿನಕ್ಕೊಂದು ಮುಷ್ಟಿ ಬೇರೆ ಡಬ್ಬಿಗೆ ಹಾಕುವುದು, ಶನಿವಾರ ತಂದು ಸುರಿಯುವುದು. ಕಮಲ ಹದಿಮೂರು ವರ್ಷ ತಂದಳು. ಒಂದು ಶನಿವಾರವೂ ತಪ್ಪಲಿಲ್ಲ.

ಅದನ್ನು ರಿಜಿಸ್ಟರಿನಲ್ಲಿ ಬರೆಯುತ್ತಿದ್ದವಳು ಆಶ್ರಯದ ಗುಮಾಸ್ತೆ ಮೋಹಿನಿ. ಅವಳ ಮಗ ಪ್ರವೀತನಿಗೂ ಸೊಂಟದಿಂದ ಕೆಳಗೆ ಬಲವಿಲ್ಲ. ಹದಿನಾರರ ಹುಡುಗನನ್ನು ಬೆಳಿಗ್ಗೆ ಎತ್ತಿ ಸ್ನಾನ ಮಾಡಿಸಿ, ಮುದಿ ಅತ್ತೆಯ ಕಣ್ಣೆದುರು ಮಲಗಿಸಿ ಅವಳು ಕೆಲಸಕ್ಕೆ ಬರುತ್ತಿದ್ದಳು. ಅವಳ ವಂತಿಗೆಯನ್ನು ಸಂಬಳದಲ್ಲೇ ಮುರಿದುಕೊಳ್ಳುತ್ತಿದ್ದರು.

ಮಾಸ್ಟ್ರು ತೀರಿಕೊಂಡ ಮೇಲೆ ಬಂದ ಸೆಕ್ರೆಟರಿ ವೆಂಕಟಕೃಷ್ಣ 2016ರಲ್ಲಿ ಕಂಪ್ಯೂಟರ್ ತರಿಸಿದರು. ಹಳೆಯ ದಾನಿಗಳೆಲ್ಲ ಅದರೊಳಗೆ ಹೋಗಬೇಕು. ಮಂಚ ಖಾಲಿಯಾದರೆ, ಕೇಳಿದವರ ಪಟ್ಟಿಯಲ್ಲಿ ಯಾರ ಕೊಡುಗೆ ಹೆಚ್ಚೋ ಅವರ ಹೆಸರನ್ನು ಅದೇ ಮೇಲೆ ತೋರಿಸುತ್ತದೆ; ಮಂಚ ಅವರಿಗೆ.

"ಅಕ್ಕಿ ಕೊಟ್ಟವರದ್ದು ಎಂತ ಮಾಡುದು ಸರ್? ಇದರಲ್ಲಿ ರೂಪಾಯಿ ಮಾತ್ರ ಕೇಳ್ತದೆ."

"ಒಂದು ಬೆಲೆ ಕಟ್ಟಿ ಹಾಕಿ. ನನ್ನನ್ನು ಕೇಳ್ಬೇಡಿ ಮಾರಾಯ್ತಿ, ಆ ಪುಸ್ತಕ ಓದ್ಲಿಕ್ಕೆ ಬರುದು ನಿಮಗೊಬ್ಬರಿಗೇ."

ಮೋಹಿನಿ ಒಂದೊಂದು ಮನೆಯ ಅಕ್ಕಿಗೂ ಆಯಾ ವರ್ಷದ ರೇಷನ್ ಅಂಗಡಿಯ ಬೆಲೆ ಕಟ್ಟಿದಳು. ತಪ್ಪಾಗದಂತೆ ಎರಡೆರಡು ಸಲ ಕೂಡಿಸಿದಳು. ಕೆಲಸ ಅರ್ಧವಾಗುವಷ್ಟರಲ್ಲಿ ಒಂದು ಮಂಚ ಖಾಲಿಯಾಯಿತು. ಅದೇ ವಾರ ಕಮಲ ಡಬ್ಬಿ ಹಿಡಿದು ಬಂದು ಬೆಂಚಿನಲ್ಲಿ ಕೂತಳು.

"ಮೋಹಿನಕ್ಕ, ನನ್ನ ಹೆಸರು ಆ ಪೆಟ್ಟಿಗೆಯೊಳಗೆ ಹೋಯ್ತಾ?"

"ಇನ್ನು ನಿಮ್ಮದೇ ಪುಟ."

"ಸ್ವಲ್ಪ ಬೇಗ ಹಾಕಿ. ಬರುವ ತಿಂಗಳು ಮಂಗಳೂರಿನಲ್ಲಿ ನನ್ನ ಎದೆ ಕೊಯ್ತಾರಂತೆ. ಯಶ್ಮಿತಾ ನಾನು ತಿನ್ನಿಸಿದರೆ ಮಾತ್ರ ತಿನ್ನುದು, ಮಹಾರಾಣಿ. ನಾನಿರುವಾಗಲೇ ಇಲ್ಲಿ ಅಭ್ಯಾಸ ಆಗ್ಲಿ." ಅವಳು ನಕ್ಕಳು. "ನಿಮಗೆ ಗೊತ್ತುಂಟಲ್ಲ, ನಿಮ್ಮ ಮನೆಯಲ್ಲೂ ಅದೇ ಕತೆ."

ಮೋಹಿನಿಗೆ ಗೊತ್ತಿತ್ತು. ಹಿಂದಿನ ದಿನ ಪ್ರವೀತನನ್ನು ಎತ್ತುವಾಗ ಸೊಂಟ ಹಿಡಿದು, ಇಬ್ಬರೂ ಬಚ್ಚಲಲ್ಲಿ ಬಿದ್ದಿದ್ದರು. ಮಗನಿಗಾಗಿ ಅವಳೂ ಮಂಚ ಕೇಳಿದ್ದಳು; ಪಟ್ಟಿಯಲ್ಲಿ ಕಮಲಳೊಬ್ಬಳನ್ನು ಬಿಟ್ಟರೆ ಮಂಚ ಕೇಳಿದವರಲ್ಲಿ ತನಗಿಂತ ಮೇಲೆ ಯಾರೂ ಇಲ್ಲವೆಂಬುದೂ ಗೊತ್ತಿತ್ತು.

ಕಮಲ ಹೋದ ಮೇಲೆ ಅವಳ ಪುಟ ತೆಗೆದಳು. ಹೆಸರು ಹಾಕಿದಳು, ಫೋನ್ ನಂಬರ್ ಹಾಕಿದಳು. ಮೊತ್ತದ ಜಾಗದಲ್ಲಿ ಸೊನ್ನೆ ಹಾಕಿದಳು. ಉಳಿದ ಪುಟಗಳೆಲ್ಲ ಮುಗಿದ ಮೇಲಿನ ಸೋಮವಾರ ಹಳೆಯ ರಿಜಿಸ್ಟರುಗಳನ್ನೆಲ್ಲ ಗುಜರಿಯವನಿಗೆ ತೂಗಿ ಕೊಟ್ಟಳು. ಜಾಗ ಖಾಲಿಯಾಯಿತೆಂದು ಸೆಕ್ರೆಟರಿಗೆ ಖುಷಿಯಾಯಿತು.

ಪಟ್ಟಿ ಅಂಟಿಸಿದ ದಿನ ಕಮಲ ಓಡಿಕೊಂಡು ಬಂದಳು.

"ನಿಮ್ಮದು ಸೊನ್ನೆ ಅಂತ ತೋರಿಸ್ತದಲ್ಲ ಕಮಲ," ವೆಂಕಟಕೃಷ್ಣ ಪರದೆಯನ್ನು ಅವಳ ಕಡೆ ತಿರುಗಿಸಿದರು.

"ಸೊನ್ನೆಯಾ? ನನಗೆ ಮಾಸ್ಟ್ರು ಹೇಳಿದ್ದು..."

"ಮಾಸ್ಟ್ರು ಹೇಳಿದ್ದಕ್ಕೆ ದಾಖಲೆ ಬೇಡವಾ?"

"ಮೋಹಿನಕ್ಕ ಬರೆದಿದ್ದಾರೆ. ಹೇಳಿ ಮೋಹಿನಕ್ಕ."

ಮೋಹಿನಿ ಮೇಜಿನ ಮೇಲಿನ ಪಿನ್ನುಗಳನ್ನು ಒಟ್ಟು ಮಾಡಿದಳು. "ತರುತ್ತಿದ್ರಿ, ಇಲ್ಲ ಅಂತಲ್ಲ. ಪ್ರತಿ ವಾರ ಬರೆಸಿಕೊಂಡಿರಾ ಎಂತ, ನನಗೆ ನೆನಪಿಲ್ಲ."

ಕಮಲ ಮೆಲ್ಲಗೆ ಕೇಳಿದಳು, "ಹಾಗಾದ್ರೆ ಇನ್ನು ಅಕ್ಕಿ ತರುದು ಬೇಡವಾ?"

"ತನ್ನಿ," ಎಂದಳು ಮೋಹಿನಿ. "ಮಕ್ಕಳಿಗೆ ಬೇಕಲ್ಲ."

ಆ ಶನಿವಾರವೂ ಕಮಲ ಅಕ್ಕಿ ತಂದಳು. ಪ್ರವೀತ ಒಳಗೆ ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿದ್ದ. ಮುಂದಿನ ತಿಂಗಳು ಕಮಲ ಆಪರೇಷನ್‌ಗೆ ಹೋಗಲಿಲ್ಲ. ಮಗಳನ್ನು ಬಿಟ್ಟುಹೋಗಲು ಜಾಗವಿರಲಿಲ್ಲ. ಮಾಸ್ಟ್ರು ಕೊಟ್ಟ ಮಾತು ನಡೆಯಲಿಲ್ಲ.