ಮೊದಲ ಪುಟದ ಹಿಂಬದಿಯ ಹೆಸರು

ಬೂದು ಕೋಟಿನವರು ಬಾಗಿಲಲ್ಲಿ ಕಾಲೊರೆಸಿಕೊಂಡೇ ಅಚ್ಚುಕೂಟದೊಳಗೆ ಬಂದರು. ಅಷ್ಟೊಂದು ಮರ್ಯಾದಸ್ಥರನ್ನು ಕಂಡರೆ ಅತ್ತಿಗೆಗೆ ಮೊದಲಿನಿಂದಲೂ ಭಯ. ಮೈದುನ ಹಾಗೆ ಕರೆದು ಕರೆದು, ಆಕೆ ಬೀದಿಗೆಲ್ಲ ಅತ್ತಿಗೆಯೇ ಆಗಿದ್ದಳು. ಗಂಡ ಹೋದ ಮೇಲೆ ಪ್ರಕಾಶನದ ಹೊಣೆ ಅವಳದು, ಯಂತ್ರದ ಹೊಣೆ ಮೈದುನನದು.

"ಪ್ರಕಾಶಕ ಅಂದ್ರೆ ಏನಮ್ಮಾ ಅರ್ಥ?" ಎಂದರು ಅವರು, ಚಹಾದ ಲೋಟ ಹಿಡಿದು.

"ಕಾಣೋ ಹಾಗೆ ಮಾಡೋರು." ಗಂಡ ಕಲಿಸಿದ ಪಾಠ ಅದು. ಸಂಸ್ಕೃತದ 'ಕಾಶ್' ಎಂಬ ಧಾತುವಿಗೆ ಹೊಳೆಯುವುದು, ಕಾಣಿಸುವುದು ಎಂದರ್ಥ. ಅದಕ್ಕೆ 'ಪ್ರ' ಸೇರಿದರೆ ಎದುರಿಗೇ ಬಂದು ಕಾಣಿಸುವುದು. ಬೆಳಕಿಗೂ ಪುಸ್ತಕ ಹೊರತರುವವರಿಗೂ ಬೇರು ಒಂದೇ. "ಅಚ್ಚು ಹಾಕಿದ ಮಾತ್ರಕ್ಕೆ ಪ್ರಕಾಶಕರಾಗಲ್ಲ. ಜನರ ಕಣ್ಣಿಗೆ ಬೀಳಬೇಕು."

"ಎಷ್ಟು ಚೆನ್ನಾಗಿ ಹೇಳಿದ್ರಿ! ಬರೆದೋರು ಸುಳ್ಳು ಹೆಸರಲ್ಲಿ ಬಚ್ಚಿಟ್ಕೊಳ್ತಾರೆ. ಪ್ರಕಾಶಕರು ಪಾಪ, ವಿಳಾಸ ಸಮೇತ ಸಿಗ್ತಾರೆ." ನಕ್ಕು ಹೊರಟುಹೋದರು. ಚಹಾ ಮುಟ್ಟಿರಲಿಲ್ಲ.

ಅಚ್ಚಿಗೆ ಸಿದ್ಧವಾಗಿದ್ದ ಪುಸ್ತಕದ ಸುದ್ದಿ ಹಿಡಿದೇ ಆ ಅಧಿಕಾರಿ ಬಂದಿದ್ದರು. ಅದನ್ನು ಸುಳ್ಳು ಹೆಸರಲ್ಲಿ ಬರೆದವಳು ಆಸ್ಪತ್ರೆಯ ದಾದಿ. ಕಾರ್ಖಾನೆಯ ಕೊಳೆ ಊರಿನ ನಲ್ಲಿ ನೀರಿಗೆ ಸೇರಿ ಮಕ್ಕಳು ಹೇಗೆ ಹಾಸಿಗೆ ಹಿಡಿದರೆಂದು ಕಂಡದ್ದನ್ನು ಕಂಡಂತೆ ಬರೆದಿದ್ದಳು.

"ಪ್ರಕಾಶಕರ ಹೆಸರಿನ ಜಾಗ ಖಾಲಿ ಬಿಡೋಣ ಅತ್ತಿಗೆ," ಎಂದು ಮೈದುನ ಗೋಗರೆದ. "ಹಾವೂ ಸಾಯಬೇಕು, ಕೋಲೂ ಮುರೀಬಾರದು."

"ಹೆಸರಿಲ್ಲದಿದ್ರೆ ಅದು ಮೂಗರ್ಜಿ ಕಣೋ. ಯಾರು ನಂಬ್ತಾರೆ?"

ಮೊದಲ ಪುಟದ ಹಿಂಬದಿಯ ಕರಡಿನಲ್ಲಿ ತನ್ನ ಹೆಸರು ನೋಡಿ ರುಜು ಹಾಕಿದಳು. ರುಜು ಬಿದ್ದ ಮೇಲೆ ಒಂದಕ್ಷರವನ್ನೂ ಬದಲಿಸಬಾರದು, ಅದು ಆ ಅಚ್ಚುಕೂಟದ ಕಟ್ಟಳೆ. ಮೈದುನ ಅದನ್ನು ಎಂದೂ ಮೀರಿದವನಲ್ಲ. ಆ ನೆಚ್ಚಿಕೆಯಲ್ಲೇ ಅವಳು ಮನೆಗೆ ಹೋದಳು.

ಬೆಳಿಗ್ಗೆ ಬಂದರೆ ಪುಸ್ತಕಗಳ ಕಟ್ಟುಗಳು ಸಿದ್ಧವಾಗಿದ್ದವು. ಮೈದುನ ಇರಲಿಲ್ಲ, ಅವನ ಚಪ್ಪಲಿ ಮಾತ್ರ ಯಂತ್ರದ ಪಕ್ಕದಲ್ಲಿದ್ದವು. ಒಂದು ಪ್ರತಿ ತೆರೆದಳು. ಪ್ರಕಾಶಕರು ಎಂಬುದರ ಮುಂದೆ ತನ್ನ ಹೆಸರಿನ ಬದಲು ಅವನ ಹೆಸರಿತ್ತು. ಎಂಥ ಪೆದ್ದು ಪ್ರೀತಿ ಈ ಹುಚ್ಚನದು!

ಬಾಗಿಲಲ್ಲಿ ಕಾಲೊರೆಸುವ ಸದ್ದಾಯಿತು.

"ನಿಮ್ಮ ಮೈದುನ ನಮ್ಮ ಹತ್ರ ಇದಾರೆ. ತಾನೇ ಪ್ರಕಾಶಕ ಅಂತ ಒಂದೇ ಹಟ," ಎಂದರು ಬೂದು ಕೋಟಿನವರು. "ಆದ್ರೆ ನೀವೇ ಹೇಳಿದ್ರಲ್ಲ, ಜನರ ಕಣ್ಣಿಗೆ ಬೀಳೋವರೆಗೂ ಪ್ರಕಾಶಕರಿಲ್ಲ ಅಂತ. ಈ ಕಟ್ಟುಗಳು ಹೊರಗೆ ಹೋಗದಿದ್ರೆ ಅವರು ಯಾವ ತಪ್ಪೂ ಮಾಡಿಲ್ಲ. ಊಟದ ಹೊತ್ತಿಗೆ ಮನೆಗೆ ಬರ್ತಾರೆ."

ತಾನಾಡಿದ ಮಾತೇ ಕೊರಳಿಗೆ ಉರುಳಾಗಿತ್ತು. ತಾನು ಮದುವೆಯಾಗಿ ಬಂದಾಗ ಮೈದುನ ಇನ್ನೂ ಮೂಗು ಸೋರಿಸುವ ಮಗು, ತುತ್ತಿಟ್ಟು ಬೆಳೆಸಿದ್ದಳು. ಕಿಟಕಿಯಾಚೆ ಬೀದಿ ನಲ್ಲಿಯಲ್ಲಿ ಹೆಂಗಸರು ನೀರು ಹಿಡಿಯುತ್ತಿದ್ದರು. ಒಬ್ಬಳು ಬೊಗಸೆಯಲ್ಲಿ ತುಂಬಿಕೊಂಡು ಕಂಕುಳ ಕೂಸಿಗೆ ಕುಡಿಸುತ್ತಿದ್ದಳು.

ಅತ್ತಿಗೆ ಒಂದು ಕಟ್ಟು ಬಿಚ್ಚಿದಳು. ಲೇಖನಿ ತೆಗೆದುಕೊಂಡು ಅವನ ಹೆಸರನ್ನು ಗೀಟೆಳೆದು ಹೊಡೆದುಹಾಕಿದಳು, ಕೆಳಗೆ ತನ್ನದು ಬರೆದಳು. ಒಂದಾದ ಮೇಲೆ ಒಂದು ಪ್ರತಿ, ಒಂದಿಡೀ ಕಟ್ಟು. ಅವನ್ನು ಎರಡೂ ತೋಳುಗಳಲ್ಲಿ ಅಪ್ಪಿಕೊಂಡು ನಲ್ಲಿಯ ಬಳಿ ಹೋಗಿ ಹಂಚಿದಳು.

"ಓದಿ. ಓದೋಕೆ ಬರದಿದ್ರೆ ಓದಿಸಿಕೊಳ್ಳಿ. ಆ ನೀರು ಮಗೂಗೆ ಬೇಡ ತಾಯಿ."

ಬೂದು ಕೋಟಿನವರು ತಡೆಯಲಿಲ್ಲ. ಅದೇ ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಕೊನೆಯ ಪ್ರತಿಯನ್ನು ಅವರ ಕೈಗೇ ಕೊಟ್ಟಳು. "ಪ್ರಕಾಶಕಿ ನಾನು. ಅವನನ್ನ ಬಿಟ್ಬಿಡಿ."

ಅವರು ಬೆರಳಿಗೆ ಎಂಜಲು ಹಚ್ಚಿಕೊಂಡು ಪುಟ ತಿರುವಿದರು. "ಹೊಡೆದ ಹೆಸರೂ ಓದೋಕೆ ಬರುತ್ತಲ್ಲಮ್ಮಾ. ಇಬ್ಬರಾದ್ರಿ," ಎಂದು ಅಚ್ಚುಕೂಟದ ಎದುರು ನಿಲ್ಲಿಸಿದ್ದ ತಮ್ಮ ಕಾರಿನ ಬಾಗಿಲು ತೆರೆದು ಹಿಡಿದರು.

ಅತ್ತಿಗೆ ಒಳಗೆ ಹೋಗಿ ಮೈದುನನ ಚಪ್ಪಲಿಗಳನ್ನು ಎತ್ತಿಕೊಂಡು ಬಂದಳು. ಪಾಪ, ಬರಿಗಾಲಲ್ಲಿ ಹೋಗಿದ್ದ.

"ಅವು ಬೇಕಾಗಲ್ಲಮ್ಮಾ," ಎಂದರು ಅವರು, ಬಹಳ ಮೆಲ್ಲಗೆ.

ಅತ್ತಿಗೆ ಚಪ್ಪಲಿ ಬಿಡಲಿಲ್ಲ. ಮಡಿಲಲ್ಲಿಟ್ಟುಕೊಂಡೇ ಕಾರಿನಲ್ಲಿ ಕೂತಳು. ನಲ್ಲಿಯ ಬಳಿ ಯಾರೋ ತಡವರಿಸುತ್ತಾ ಗಟ್ಟಿಯಾಗಿ ಓದುತ್ತಿದ್ದರು, ಕೂಸಿನ ತಾಯಿ ತುಂಬಿದ ಕೊಡವನ್ನು ಚರಂಡಿಗೆ ಸುರಿಯುತ್ತಿದ್ದಳು.