ಸಾವಂತ್ರವ್ವನ ಖಲಬತ್ತ

ಆವತ್ತು ಬೆಳಿಗ್ಗೆ ಹಾನಗಲ್ಲಿನ ಮೇಲೆ ಆಷಾಢದ ಜಿಟಿಜಿಟಿ ಮಳೆ ಹಿಡಿದಿತ್ತು. ಸುರಿದು ಮುಗಿಯುವ ಮಳೆಯಲ್ಲ, ನಿಲ್ಲುವ ಮಳೆಯೂ ಅಲ್ಲ. ಹಂಚಿನ ಅಂಚಿನಿಂದ ಜಪ ಮಾಡಿದ ಹಾಗೆ ಒಂದೊಂದೇ ಹನಿ ಬಿಡುವ ಮಳೆ. ಗಾಳಿ ಮಾತ್ರ ಜೋರಾಗಿತ್ತು. ಏಕಾದಶಿ ಕಳೆದು ನಾಲ್ಕು ದಿನವಾಗಿತ್ತು. ವಿಮಲಾಬಾಯಿಯವರ ಅಡುಗೆಮನೆಯಲ್ಲಿ ಶಾಕವ್ರತ ಬಂದು ಕೂತಿತ್ತು. ಚಾತುರ್ಮಾಸದ ಈ ಮೊದಲ ತಿಂಗಳು ಆ ಮನೆಯ ಹೊಸ್ತಿಲೊಳಗೆ ಕಾಯಿಪಲ್ಲೆ ಬರುವುದಿಲ್ಲ, ಹುಣಸೆ ಬರುವುದಿಲ್ಲ, ಮೆಣಸಿನಕಾಯಿ ಬರುವುದಿಲ್ಲ. ಹೆಸರುಬೇಳೆಯ ತೊವ್ವೆ, ಖಾರಕ್ಕೆ ಕರಿಮೆಣಸು, ಹುಳಿಗೆ ಒಣಗಿಸಿದ ಮಾವಿನಕಾಯಿ ಪುಡಿ. ಅರವತ್ತಾರು ವರ್ಷದ ಬಾಳಿನಲ್ಲಿ ವಿಮಲಾಬಾಯಿಯವರಿಗೆ ಈ ವ್ರತ ಒಂದೇ ಒಂದು ಸಲ ತಪ್ಪಿತ್ತು.

ಹಿತ್ತಲಲ್ಲಿ ತುಳಸಿಗೆ ಪ್ರದಕ್ಷಿಣೆ ಹಾಕುವಾಗ ಅವರ ಕಣ್ಣು ಎಂದಿನಂತೆ ಕಟ್ಟೆಯ ಬುಡದ ಆ ಕಲ್ಲಿನ ಮೇಲೆ ಬಿತ್ತು. ಕರಿಕಲ್ಲಿನ ಖಲಬತ್ತ. ಅಂಗೈಯಗಲದ ಗುಂಡಿ, ಪಕ್ಕದಲ್ಲಿ ಗೇಣುದ್ದದ ಗುಂಡು. ಐವತ್ತೇಳು ವರ್ಷದಿಂದ ಅದರಲ್ಲಿ ಯಾರೂ ಏನೂ ಕುಟ್ಟಿಲ್ಲ. ಮಳೆಯ ನೀರು ನಿಂತು ಗುಬ್ಬಿಗಳು ಕುಡಿಯುತ್ತವೆ. ಅದು ಯಾರದೆಂದು ಆ ಮನೆಯಲ್ಲಿ ಈಗ ಬಲ್ಲವರು ವಿಮಲಾಬಾಯಿ ಒಬ್ಬರೇ.

ಹೊರಗೆ ಕಾರು ನಿಂತ ಸದ್ದಾಯಿತು. ತಮ್ಮ ಪ್ರಾಣೇಶ. ಹುಬ್ಬಳ್ಳಿಯಲ್ಲಿ ವಕೀಲಿ, ಊರಲ್ಲಿ ಅಜ್ಜ ಜಾಗ ಕೊಟ್ಟು ಕಟ್ಟಿಸಿದ ಶಾಲೆಗೆ ಈಗ ಅವನೇ ಅಧ್ಯಕ್ಷ.

"ತಡಸದ ಹತ್ರ ರಸ್ತೆ ಅನ್ನೋದು ಕೆಸರಿನ ಗದ್ದಿ ಆಗೇದ ನೋಡಕ್ಕಾ," ಎನ್ನುತ್ತ ಒಳಗೆ ಬಂದವನು ಕಾಲು ತೊಳೆಯುವ ಮೊದಲೇ ಫೈಲು ಬಿಚ್ಚಿದ. "ಹನ್ನೊಂದಕ್ಕ ಮೀಟಿಂಗ್ ಅದ. ನೀ ಇಲ್ಲೇ ಸಹಿ ಮಾಡಿಬಿಟ್ರ ಮಳ್ಯಾಗ ಬರೋದು ತಪ್ತದ."

"ಏನಿದು?"

"ಠರಾವು, ಕಮಿಟಿ ನಿರ್ಣಯ. ಗೇಟಿನ ಮುಂದ ಬೇವಿನ ಗಿಡದ ಕೆಳಗ ಕೂಡ್ತಾಳಲ್ಲ, ಆ ಚಿಗಳಿ ಮಾರೋ ಶೇಖವ್ವ, ಆಕಿನ್ನ ಎಬ್ಬಿಸೋದು. ಹೋದ ವಾರ ಒಂದು ಹುಡುಗನ ಹೊಟ್ಟಿ ಕೆಟ್ಟದ. ಮತ್ತ ಒಳಗ ನಾವು ಕ್ಯಾಂಟೀನ್ ಮಾಡ್ಲಿಕ್ಕತ್ತೀವಿ. ಎಲ್ಲಾ ಪ್ಯಾಕೆಟ್ಟಿಂದು. ಸ್ವಚ್ಛ."

ಶಾಲೆಯ ಕಾಂಪೌಂಡು ಕಟ್ಟುವಾಗ ಆ ಬೇವಿನ ಮರದಡಿಯ ನಾಲ್ಕು ಮೊಳ ಜಾಗ ಗೋಡೆಯ ಹೊರಗೆ ಉಳಿದಿತ್ತು. ಅದು ಇನ್ನೂ ಮನೆತನದ ಹೆಸರಿನಲ್ಲೇ ಇತ್ತು. ಮನೆತನದ ಹಿರಿಯರ ಸಹಿ ಇಲ್ಲದೆ ಅಲ್ಲಿಂದ ಯಾರನ್ನೂ ಎಬ್ಬಿಸುವ ಹಾಗಿಲ್ಲ. ಈಗ ಹಿರಿಯರೆಂದರೆ ವಿಮಲಾಬಾಯಿ.

"ಪ್ರಾಣ್ಯಾ, ನೀ ಸಣ್ಣವಿದ್ದಾಗ ಸವಣೂರ ಖಾರಾದ ಪುಡಿಕಿ ಧೋತರದಾಗ ಮುಚ್ಚಿಟ್ಕೊಂಡು ಸಂಧ್ಯಾವಂದನಕ್ಕ ಕೂಡ್ತಿದ್ದಿ. ಆಚಮನದ ನೀರಾಗ ಎಣ್ಣಿ ತೇಲ್ತಿತ್ತು. ನೆನಪದ ಏನು?"

ಪ್ರಾಣೇಶ ನಕ್ಕ. "ಲಿಂಬಿಹುಳಿ ಪೆಪ್ಪರಮಿಂಟು ದವಡ್ಯಾಗ ಇಟ್ಕೊಂಡು ಮಂತ್ರ ಹೇಳಿದ್ದೂ ನೆನಪದ. ಅದಕ್ಕೂ ಇದಕ್ಕೂ ಏನು ಸಂಬಂಧ?"

"ಮೀಟಿಂಗಿಗೆ ನಾನೇ ಬರ್ತೀನಿ," ಎಂದು ವಿಮಲಾಬಾಯಿ ಕೊಡೆ ಹುಡುಕಲು ಎದ್ದರು.

ಸಂಬಂಧ ಇತ್ತು. ಕೇಳಬೇಕು.

ವಿಮಲಾಬಾಯಿ ಒಂಬತ್ತು ವರ್ಷದ ವಿಮಲಿಯಾಗಿದ್ದಾಗ ಅದೇ ಬೇವಿನ ಮರದಡಿ ಸಾವಂತ್ರವ್ವ ಕೂರುತ್ತಿದ್ದಳು, ಶೇಖವ್ವನ ಅವ್ವ. ಮುಂದೆ ಬಿದಿರಬುಟ್ಟಿ, ಬುಟ್ಟಿಯಲ್ಲಿ ಬಾರೆಹಣ್ಣು, ಹುರಿದ ಶೇಂಗಾ, ಬೆಲ್ಲದ ಚಿಕ್ಕಿ. ಆದರೆ ಮಕ್ಕಳು ಮುಗಿಬೀಳುತ್ತಿದ್ದುದು ಚಿಗಳಿಗೆ. ಬೀಜ ತೆಗೆದ ಹುಣಸೆ, ಬೆಲ್ಲ, ಜೀರಿಗೆ, ಉಪ್ಪು, ಒಂದು ಕೆಂಪು ಮೆಣಸಿನಕಾಯಿ, ಇಷ್ಟನ್ನು ಎಲ್ಲರ ಕಣ್ಣೆದುರೇ ಖಲಬತ್ತದಲ್ಲಿ ಹಾಕಿ ಕುಟ್ಟುತ್ತಿದ್ದಳು. ಆ ಸದ್ದು ಕೇಳಿದರೆ ಮೂರನೆಯ ಇಯತ್ತೆಯ ಮಗ್ಗಿ ಅರ್ಧಕ್ಕೇ ನಿಲ್ಲುತ್ತಿತ್ತು. ಕುಟ್ಟಿದ್ದನ್ನು ಉಂಡೆ ಮಾಡಿ ತೆಂಗಿನ ಗರಿಯ ಕಡ್ಡಿಗೆ ಚುಚ್ಚಿ ಕೊಡುವಳು. ಹುಳಿ ಮೊದಲು ಹಲ್ಲಿಗೆ ಹತ್ತುತ್ತಿತ್ತು, ಆಮೇಲೆ ಸಿಹಿ ಬಂದು ಸಮಾಧಾನ ಹೇಳುತ್ತಿತ್ತು, ಎಲ್ಲ ಮುಗಿಯಿತು ಅನ್ನುವಾಗ ಖಾರ ಗಂಟಲಲ್ಲಿ ಕಿಚ್ಚು ಹಚ್ಚುತ್ತಿತ್ತು. ದೇವರು ನಾಲಿಗೆಯನ್ನು ಯಾಕೆ ಕೊಟ್ಟ ಎಂಬ ಪ್ರಶ್ನೆಗೆ ಆ ವಯಸ್ಸಿನಲ್ಲಿ ಅದಕ್ಕಿಂತ ಒಳ್ಳೆಯ ಉತ್ತರ ಇರಲಿಲ್ಲ. ಸಂಜೆ, ಮನೆಯ ತನಕ ಹೊರಲಾರದ ಕಲ್ಲನ್ನು ಸಾವಂತ್ರವ್ವ ಶಾಲೆಯ ಹಿಂದಿದ್ದ ಇದೇ ಮನೆಯ, ವಿಮಲಿಯ ಅಜ್ಜನ ಹಿತ್ತಲಲ್ಲಿ ಇಟ್ಟು, ಬರೀ ಬುಟ್ಟಿ ಹೊತ್ತು ಮನೆಗೆ ಹೋಗುವಳು.

ಆ ವರ್ಷದ ಆಷಾಢದಲ್ಲಿ ವಿಮಲಿ ಚಿಗಳಿ ಕೇಳಿದಾಗ ಸಾವಂತ್ರವ್ವ ಬುಟ್ಟಿಯ ಮೇಲೆ ಅರಿವೆ ಎಳೆದಳು. "ಈ ತಿಂಗಳ ನಿಮ್ಮನ್ಯಾಗ ಹುಣಸಿ ನಡ್ಯಾಂಗಿಲ್ಲ. ನಾ ಕೊಡಾಂಗಿಲ್ಲ, ಅತ್ರೂ ಕೊಡಾಂಗಿಲ್ಲ. ವ್ರತ ಮುಗದ ಮ್ಯಾಲ ಬಾ, ನನ್ನವ್ವ, ಎರಡ ಕೊಡ್ತೇನಿ."

ವಿಮಲಿ ಕಾಯಲಿಲ್ಲ. ಸಾವಂತ್ರವ್ವ ಆ ಕಡೆ ಹೊರಳಿದ್ದೇ ತಡ, ಒಂದನ್ನು ಎತ್ತಿಕೊಂಡು ಓಡಿದಳು. ಮನೆಗೆ ಬಂದಾಗ ತುಟಿಯ ಮೇಲೆ ಕಂದು ಬಣ್ಣ, ಲಂಗದ ನೆರಿಗೆಯಲ್ಲಿ ಕಡ್ಡಿ. ಅಜ್ಜ ವಿಠ್ಠಲಾಚಾರ್ಯರು ಬೈಯಲಿಲ್ಲ. ಬೈಯುವ ಮನುಷ್ಯರೇ ಅಲ್ಲ. ಯಾರು ಕೊಟ್ಟರು ಎಂದಷ್ಟೇ ಕೇಳಿದರು. ವಿಮಲಿಯ ಬಾಯಿಂದ ಬಂದ ಮಾತು ಇದು: "ಸಾವಂತ್ರವ್ವ ಬರೇ ಬೆಲ್ಲ ಅಂತ ಹೇಳಿ ತಿನ್ನಿಸಿದ್ಲು."

ಮರುದಿನದಿಂದ ಸಾವಂತ್ರವ್ವ ಬೇವಿನ ಮರದಡಿ ಇರಲಿಲ್ಲ. ಕೂಸಿನ ವ್ರತ ಕೆಡಿಸಿದವಳು ಎಂಬ ಹೆಸರು ಹೊತ್ತು ಅಕ್ಕಿಆಲೂರಿನ ಸಂತೆಗೆ ಹೋದಳು. ಖಲಬತ್ತ ಕೇಳಲು ಮಾತ್ರ ಬರಲಿಲ್ಲ. ಅವಳು ತೀರಿಕೊಂಡ ಮೇಲೆ, ಹನ್ನೆರಡು ವರ್ಷದ ಹಿಂದೆ, ಶೇಖವ್ವ ಬಂದು ಅದೇ ಜಾಗದಲ್ಲಿ ಬುಟ್ಟಿ ಇಳಿಸಿದಳು. ಊರಲ್ಲಿ ಮರೆತವರು ಮರೆತಿದ್ದರು. ವಿಮಲಾಬಾಯಿ ದಿನವೂ ಆ ದಾರಿಯಲ್ಲೇ ಗುಡಿಗೆ ಹೋಗುತ್ತಿದ್ದರು, ತಲೆ ಎತ್ತುತ್ತಿರಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ, ತಪ್ಪು ಉತ್ತರಕ್ಕೆ ಕೆಂಪು ಗೀಟು ಎಳೆದ ಕೈ ಅದು. ತನ್ನ ಒಂದು ಉತ್ತರವನ್ನು ತಿದ್ದಿರಲಿಲ್ಲ.

ಬೇವಿನ ಮರದಡಿ ಶೇಖವ್ವ ಮಳೆಗೆ ತಲೆಯ ಮೇಲೆ ನೀಲಿ ಪ್ಲಾಸ್ಟಿಕ್ ತಾಡಪತ್ರಿ ಕಟ್ಟಿಕೊಂಡು ಕೂತಿದ್ದಳು. ಕೊಡೆ ತನ್ನ ಮುಂದೆ ನಿಂತದ್ದು ನೋಡಿ ಹುಬ್ಬೇರಿಸಿದಳು.

"ಏನ್ರಿ ಬಾಯಾರ, ಇವತ್ತ ಈ ಕಡೆ ನದರ ಬಿತ್ತಲ್ರಿ? ಹನ್ನೆರಡ ವರ್ಸ ಆತು, ನನ್ನ ಮುಂದ ಹಾಯ್ದ ಹೊಕ್ಕೀರಿ, ಕುತಗಿ ಹೊಳ್ಳಿಸಿದ್ದಿಲ್ಲ."

"ಹೊಳ್ಳಿಸ್ಲಿಕ್ಕೆ ಧೈರ್ಯ ಇರಲಿಲ್ಲ, ಶೇಖವ್ವ."

"ಅಯ್ಯ, ನಾ ಏನ ಹುಲಿ ಏನ್ರಿ?"

"ಒಂದು ಚಿಗಳಿ ಕೊಡು." ತಿನ್ನಲಿಕ್ಕಲ್ಲ, ಅವಳು ಏನನ್ನುತ್ತಾಳೆಂದು ಕೇಳಲಿಕ್ಕೆ.

ಬುಟ್ಟಿಗೆ ಹೋದ ಶೇಖವ್ವನ ಕೈ ನಡುವೆ ನಿಂತಿತು. "ಆಷಾಢ ನಡದೈತಲ್ರಿ. ಈ ತಿಂಗಳ ನಿಮ್ಮನ್ಯಾಗ ಹುಣಸಿ ನಡ್ಯಾಂಗಿಲ್ಲ. ನಾ ಕೊಡಾಂಗಿಲ್ಲ."

ಅದೇ ಮಾತು, ಅದೇ ಧಾಟಿ.

"ನಿನಗ ಯಾರು ಹೇಳಿದ್ರು ಇದನ್ನ?"

"ನಮ್ಮವ್ವ. ಯಾರ ಮನ್ಯಾಗ ಯಾವಾಗ ಏನ ನಡ್ಯಾಂಗಿಲ್ಲ ಅಂತ ತಿಳಕೊಂಡ ಬುಟ್ಟಿ ಹೊರಬೇಕ ಅಂತಿದ್ಲು. ನಮ್ಮ ಓಣಿ ಮುಸ್ತಾಕನ ಮಗಳು ಶಬನಮ ಐತಲ್ರಿ, ರೋಜಾದಾಗ ಹಗಲ ಹೊತ್ತು ಎಷ್ಟ ಕಾಡಿದ್ರೂ ಕೊಡಾಂಗಿಲ್ಲ. ಹೊತ್ತ ಮುಳುಗಿದ ಮ್ಯಾಲ ಮನೀಗೇ ಒಯ್ದ ಕೊಟ್ಟ ಬರ್ತೇನಿ." ಶೇಖವ್ವ ಗೇಟಿನ ಕಡೆ ಗದ್ದ ತೋರಿಸಿದಳು. "ಒಳಗ ನನ್ನ ಮ್ಯಾಲ ಠರಾವು ಮಾಡಾಕತ್ತಾರಂತ? ಮಾಡ್ಲಿ ಬಿಡ್ರಿ. ರಸ್ತಾದ ಆ ಕಡೆ ಕುಂದರ್ತೇನಿ. ಅಲ್ಲಿಂದ ಎಬ್ಬಿಸಿದ್ರ ಬಸ್‌ಸ್ಟ್ಯಾಂಡಿನ್ಯಾಗ. ಹುಡುಗ್ರ ನಾಲಿಗಿ ನನ್ನ ಹುಡುಕ್ಕೋತ ಬರತೈತಿ. ಆದ್ರ ಬಾಯಾರ, ಕೂಸುಗಳ ಹೊಟ್ಟಿ ಕೆಡಸಾಕಿ ಅಂತ ಬರದ ಎಬ್ಬಿಸಿದ್ರ ನಾ ಏಳಾಂಗಿಲ್ಲ. ಅಂಥಾದ್ದ ಒಂದ ಹೆಸರು ನಮ್ಮವ್ವ ಹೊತ್ತಕೊಂಡ ಹೋದ್ಲು. ಸುಮ್ಮನ ಹೊತ್ಲು. ನಾ ಸುಮ್ಮನ ಹೊರಾಂಗಿಲ್ಲ."

ಆ ಹೆಸರು ಯಾರ ಸುಳ್ಳಿನಿಂದ ಬಂತೆಂದು ಅವಳಿಗೆ ಗೊತ್ತಿತ್ತು. ವಿಮಲಾಬಾಯಿ ಅವಳ ಮುಖವನ್ನು ನೇರವಾಗಿ ನೋಡಿದರು. ಗೊತ್ತಿದ್ದೂ ಹನ್ನೆರಡು ವರ್ಷ ಅವಳು ಕೇಳಿರಲಿಲ್ಲ.

ಶಾಲೆಯ ಕೋಣೆಯಲ್ಲಿ ಐದು ಜನ ಕೂತಿದ್ದರು. ಮೇಜಿನ ಮೇಲೆ ಕ್ಯಾಂಟೀನಿನ ನಮೂನೆಗೆಂದು ತಂದ ಮಿರಮಿರ ಮಿಂಚುವ ಪ್ಯಾಕೆಟ್ಟುಗಳು. ಅಕ್ಕಿಆಲೂರಿನ ಗಿರಣಿ ಮಾಲಕ ಗುದ್ಲೆಪ್ಪ ಒಂದನ್ನು ಒಡೆದು ತಿನ್ನುತ್ತಿದ್ದ. ವಿಮಲಾಬಾಯಿಯನ್ನು ಕಂಡು ಲಗುಬಗೆಯಿಂದ ಎದ್ದು ಕೈ ಒರೆಸಿಕೊಂಡ.

"ಬರ್ರಿ ಬಾಯಾರ, ಕುಂತ್ಕೊರ್ರಿ. ನಿಮ್ಮ ಹತ್ರ ಗಣಿತದಾಗ ಎರಡ ಸಲ ನಪಾಸ ಆದಾಂವ ನಾನು. ಈಗೂ ನಿಮ್ಮನ್ನ ನೋಡಿದ್ರ ಬೆನ್ನ ನೆಟ್ಟಗಾಕ್ಕತಿ."

"ಪ್ಯಾಕೆಟ್ ಹ್ಯಾಂಗದ, ಗುದ್ಲೆಪ್ಪ?"

"ಪ್ಯಾಕೆಟ್ ಉಬ್ಬಿ ನಿಂತಿತ್ರಿ. ಒಡದ ನೋಡಿದ್ರ ಅರ್ಧ ಗಾಳಿ."

ಪ್ರಾಣೇಶ ಗಂಟಲು ಸರಿಪಡಿಸಿಕೊಂಡು ಠರಾವು ಓದಿದ. ಅಶುಚಿಯಾದ ತಿನಿಸು ಮಾರಿ ಮಕ್ಕಳ ಆರೋಗ್ಯ ಕೆಡಿಸುತ್ತಿರುವ ಸದರಿ ಹೆಂಗಸನ್ನು ಎಂದೆಲ್ಲ ಇತ್ತು. ಓದಿ ಮುಗಿಸಿ ಪೆನ್ನು ಮುಂದೆ ಸರಿಸಿದ.

"ಹೊಟ್ಟಿ ಕೆಟ್ಟ ಹುಡುಗ ಆ ದಿನ ಏನೇನು ತಿಂದಿದ್ದ? ಕೇಳಿದ್ದೀಯೇನು?" ವಿಮಲಾಬಾಯಿ ಪೆನ್ನು ಮುಟ್ಟಲಿಲ್ಲ.

"ಅದನ್ನೆಲ್ಲಾ ಯಾರು ಕೇಳ್ತಾರಕ್ಕಾ?"

"ಹಂಗಾದ್ರ ಇನ್ನೊಂದು ಕೇಳ್ತೀನಿ. ಈಗ ಗೇಟಿನ ಹತ್ರ ನಾ ಒಂದು ಚಿಗಳಿ ಕೇಳಿದೆ. ಶಾಕವ್ರತ ಅದ, ಕೊಡಾಂಗಿಲ್ಲ ಅಂದ್ಲು ಶೇಖವ್ವ. ನಾಳೆ ನಿಮ್ಮ ಕ್ಯಾಂಟೀನಿಗೆ ತಿನ್ನಬಾರದ ಕೂಸು ಬಂದು ಕೇಳಿದ್ರ, ಬ್ಯಾಡವ್ವ ಅನ್ನೋರು ಯಾರಿರ್ತಾರ?"

ಗುದ್ಲೆಪ್ಪ ಪ್ಯಾಕೆಟ್ಟನ್ನು ಮೇಜಿನ ಕೆಳಗೆ ಇಳಿಸಿದ.

"ಅಕ್ಕಾ, ಇದು ಭಾವನೆಯ ಮಾತು," ಎಂದ ಪ್ರಾಣೇಶ. "ಅಜ್ಜನೇ ಆಕಿಯ ಅವ್ವನ್ನ ಅಲ್ಲಿಂದ ಎಬ್ಬಿಸಿದ್ರು. ಸುಮ್ಮಸುಮ್ಮನ ಎಬ್ಬಿಸಿದ್ರೇನು?"

ವಿಮಲಾಬಾಯಿ ಎದ್ದು ನಿಂತರು. ತರಗತಿಯಲ್ಲಿ ನಿಲ್ಲುತ್ತಿದ್ದ ಹಾಗೆಯೇ, ಎರಡೂ ಕೈ ಮೇಜಿಗೆ ಊರಿ.

"ಸುಮ್ಮನ ಎಬ್ಬಿಸಲಿಲ್ಲ. ನನ್ನ ಮಾತು ಕೇಳಿ ಎಬ್ಬಿಸಿದ್ರು. ಸಾವಂತ್ರವ್ವ ನನಗ ಚಿಗಳಿ ಕೊಡ್ಲಿಲ್ಲ. ವ್ರತ ಅದ ಅಂತ ಹೇಳಿ ಬುಟ್ಟಿ ಮುಚ್ಚಿದ್ಲು. ನಾ ಕದ್ದೆ. ಕದ್ದು ತಿಂದು, ಆಕಿ ಮೋಸ ಮಾಡಿ ತಿನ್ನಿಸಿದ್ಲು ಅಂತ ಅಜ್ಜಗ ಸುಳ್ಳು ಹೇಳಿದೆ. ನಮ್ಮ ವ್ರತಾನ ನಮಗಿಂತ ಚಂದ ಕಾಯ್ದಾಕಿನ್ನ ವ್ರತ ಕೆಡಿಸಿದಾಕಿ ಅಂದ್ರು ಊರಾಗ. ಐವತ್ತೇಳು ವರ್ಷ ಆತು."

"ಅಕ್ಕಾ!" ಪ್ರಾಣೇಶ ಸುತ್ತ ನೋಡಿದ. "ನಾಲ್ಕು ಮಂದಿ ಮುಂದ ಮನೆತನದ ಮಾತು…"

"ನಾಲ್ಕು ಮಂದಿ ಮುಂದ ಆಕಿ ಹೆಸರು ಹೋಗಿತ್ತು. ನಾಲ್ಕು ಮಂದಿ ಮುಂದೇ ಹೇಳಬೇಕು." ಅವರು ಪೆನ್ನು ತೆಗೆದುಕೊಂಡು ಠರಾವಿನ ಮೇಲೆ ಮೂಲೆಯಿಂದ ಮೂಲೆಗೆ ಒಂದು ಗೀಟು ಎಳೆದರು. ಕೆಳಗೆ ಬರೆದರು: ಒಪ್ಪಿಗೆ ಇಲ್ಲ. ಹೆಸರು ಬರೆದು ತಾರೀಖು ಹಾಕಿದರು.

"ಪುರಸಭೆಗೆ ಹೋಗಿ ಬೇರೆ ದಾರಿ ನೋಡ್ತೀನಿ ನಾ," ಪ್ರಾಣೇಶನ ಮುಖ ಕೆಂಪಾಗಿತ್ತು.

"ನೋಡು. ಎಬ್ಬಿಸೋರು ಬಂದ ದಿನ ನಾನೂ ಬೇವಿನ ಗಿಡದ ಕೆಳಗ ಆಕಿ ಬಾಜೂ ಕೂಡ್ತೀನಿ. ವಿಠ್ಠಲಾಚಾರ್ಯರ ಮೊಮ್ಮಗಳನ್ನ ಮೊದಲು ಎಬ್ಬಿಸ್ಲಿ."

"ಬಾಯಾರ ಕುಂತ್ರ ನಾನೂ ಕುಂದರ್ತೇನಿ," ಎಂದ ಗುದ್ಲೆಪ್ಪ. "ಮಗ್ಗಿ ಮಾತ್ರ ಕೇಳಬ್ಯಾಡ್ರಿ."

ಮನೆಗೆ ಬಂದ ವಿಮಲಾಬಾಯಿ ಸೀರೆಯ ಸೆರಗು ಸಿಕ್ಕಿಸಿಕೊಂಡು ಹಿತ್ತಲಿಗೆ ನಡೆದರು. ಖಲಬತ್ತದ ನೀರನ್ನು ಮಣ್ಣಿನ ಬೋಗುಣಿಗೆ ಸುರಿದು ಗುಬ್ಬಿಗಳಿಗೆಂದು ತುಳಸಿಕಟ್ಟೆಯ ಮೇಲಿಟ್ಟರು. ತೆಂಗಿನ ನಾರಿನಿಂದ ಪಾಚಿ ತಿಕ್ಕಿದರು. ಪಾಚಿ ಹೋದ ಮೇಲೆ ಗುಂಡಿಯ ಒಂದು ಮಗ್ಗುಲು ನುಣ್ಣಗೆ ಸವೆದದ್ದು ಕಂಡಿತು. ಸಾವಂತ್ರವ್ವ ಎಡಗೈಯವಳು ಎಂಬುದು ಆಗ ನೆನಪಾಯಿತು. ಮಧ್ಯಾಹ್ನದ ಡ್ಯೂಟಿಗೆ ಹೊರಟ ಸೊಸೆ ವೃಂದಾ ನೋಡಿ ನಿಂತಳು.

"ಅತ್ತಿ, ಈ ಕಲ್ಲು ಎಲ್ಲಿಗೆ?"

"ಇದರ ಮನಿಗೆ. ನಿನ್ನ ಸ್ಕೂಟಿ ಮುಂದ ಇಡು, ನಾ ಹಿಂದ ಕೂಡ್ತೀನಿ."

ಮಳೆ ಸಣ್ಣಗೆ ಹಿಡಿದೇ ಇತ್ತು. ಶಾಲೆ ಬಿಡಲು ಇನ್ನೂ ಹೊತ್ತಿತ್ತು. ಅತ್ತೆ ಸೊಸೆ ಇಬ್ಬರೂ ಹಿಡಿದು ಕಲ್ಲನ್ನು ತಾಡಪತ್ರಿಯ ಕೆಳಗೆ ಇಳಿಸಿದರು. ಒಳಗೆ ನಡೆದ ಮಾತು ಶೇಖವ್ವನಿಗೆ ಆಗಲೇ ಮುಟ್ಟಿತ್ತು. ಗುದ್ಲೆಪ್ಪನ ಬಾಯಲ್ಲಿ ಯಾವ ಮಾತೂ ಗೇಟಿನವರೆಗೂ ನಿಲ್ಲುವುದಿಲ್ಲ. ಅವಳು ಬುಟ್ಟಿಯನ್ನು ಬದಿಗೆ ಸರಿಸಿ ಜಾಗ ಮಾಡಿದಳು. ಸವೆದ ಮಗ್ಗುಲಿನ ಮೇಲೆ ಹೆಬ್ಬೆರಳು ಆಡಿಸಿ, ಅದು ತನ್ನ ಎಡಕ್ಕೆ ಬರುವ ಹಾಗೆ ಕಲ್ಲನ್ನು ತುಸು ತಿರುಗಿಸಿಕೊಂಡಳು.

ವಿಮಲಾಬಾಯಿ ಸೆರಗಿನಲ್ಲಿ ಸುತ್ತಿ ತಂದಿದ್ದ ಗುಂಡನ್ನು ಬಿಚ್ಚಿ, ಒದ್ದೆ ಒರೆಸಿ, ಎರಡೂ ಕೈಯಿಂದ ಅವಳ ಕೈಗೆ ಕೊಟ್ಟರು.