ಬೇಡ ಅಂದರೆ ಎಷ್ಟು ಬೇಡ?

ಜನರನ್ನು ಬೀದಿ ಗಾಡಿಗಳಿಗೆ ಸುತ್ತಿಸಿ ತಿನ್ನಿಸುವುದು ನನ್ನ ಕೆಲಸ. ನನ್ನ ಈ ತಿಂಡಿ ನಡಿಗೆಗೆ ಬರುವವರು ಏನು ಬೇಕಾದರೂ ಕೇಳಬಹುದು, ಉತ್ತರ ಕೊಡುವುದೆಂದರೆ ನನಗೆ ಹಬ್ಬ. ಆದರೆ ಹಾಲ್ವರ್ಸನ್ ಎಂಬ ಮಿನೆಸೋಟದ ಅಜ್ಜನ ಪ್ರಶ್ನೆಗೆ ಮಾತ್ರ ನಾನು ತಬ್ಬಿಬ್ಬಾದೆ. ರೂಸ್ವೆಲ್ಟ್ ಅವೆನ್ಯೂದಲ್ಲಿ ತಲೆಯ ಮೇಲಿನ ಸೇತುವೆಯಲ್ಲಿ ರೈಲು ಧಡಧಡ ಹೋಗುತ್ತಿತ್ತು. ಅವರು ನನ್ನ ಕಿವಿಗೆ ಬಗ್ಗಿ ಕೂಗಿದರು:

"ಆ ಎರಡು ಗಾಡಿಯವ್ರು ಯಾಕಮ್ಮ ಹಂಗೆ ಒಬ್ಬರಿಗೊಬ್ಬರು ಬೆನ್ನು ಹಾಕ್ಕೊಂಡು ನಿಂತಿದ್ದಾರೆ?"

ಒಂದು ಗಾಡಿ ನನ್ನ ಅಂಪಾರೋ ಅತ್ತೆಯದು. ಅರೆಪಾ ಸುಡುತ್ತಾಳೆ, ಚೀಸ್ ತುಂಬಿದ ದಪ್ಪ ಜೋಳದ ರೊಟ್ಟಿ. ನಾವು ಕೊಲಂಬಿಯಾದವರಿಗೆ ಅದರ ವಾಸನೆ ಬಂದರೇ ಬೆಳಗಾದ ಹಾಗೆ. ಇನ್ನೊಂದು ಟಿಬೆಟಿನ ಡೋಲ್ಕರ್ ಅಕ್ಕನ ಮೊಮೊ ಗಾಡಿ. ಎಷ್ಟೋ ವರ್ಷ ಇಬ್ಬರೂ ಒಂದೇ ದೊಡ್ಡ ಛತ್ರಿಯ ಕೆಳಗೆ ವ್ಯಾಪಾರ ಮಾಡಿದವರು. ಒಬ್ಬಳು ಎಲ್ಲಾದರೂ ಹೋದರೆ ಇನ್ನೊಬ್ಬಳು ಎರಡೂ ಗಾಡಿ ನೋಡಿಕೊಳ್ಳುತ್ತಿದ್ದಳು. ಕ್ರಿಸ್‌ಮಸ್ ಹಿಂದಿನ ದಿನದಿಂದ ಮಾತು ನಿಂತಿದೆ. ಈಗ ಮೇ ತಿಂಗಳು. ಛತ್ರಿಯೂ ಎರಡಾಗಿದೆ. ಸೋಮವಾರದಿಂದ ಗಾಡಿಯನ್ನೇ ಜಂಕ್ಷನ್ ಬುಲೆವಾರ್ಡ್ ಕಡೆಗೆ ಒಯ್ಯುತ್ತೇನೆ ಎಂದು ಅತ್ತೆ ಹೇಳಿಬಿಟ್ಟಿದ್ದಳು. ಹೋದರೆ ಹೋದಳು, ನನ್ನ ನಡಿಗೆಗೆ ಇನ್ನೊಂದು ಮೂಲೆ ಸಿಗುತ್ತದೆ. ಅತ್ತೆಗೆ ಇನ್ನೊಬ್ಬಳು ಡೋಲ್ಕರ್ ಎಲ್ಲಿ ಸಿಗಬೇಕು?

ಕಾರಣ ಕೇಳಿದರೆ ಅತ್ತೆಯದು ಒಂದೇ ಮಾತು. "ಬುನ್ಯುಯೆಲೊ ಕರಿದು ತಟ್ಟೆ ತುಂಬ ತಗೊಂಡು ಹೋದೆ ಕಣೇ, ಹಬ್ಬ ಅಂತ. ಬೇಡ ಅಂದ್ಲು. ನನ್ನ ಮುಖಕ್ಕೇ!"

ನಮ್ಮವರಲ್ಲಿ ಕೈಗೆ ಕೊಟ್ಟ ತಿಂಡಿಯನ್ನು ಬೇಡ ಎನ್ನುವುದೂ ಕೆನ್ನೆಗೆ ಹೊಡೆಯುವುದೂ ಒಂದೇ. ಆದರೂ ನನಗೆ ಅರ್ಥವಾಗಿರಲಿಲ್ಲ. ಡೋಲ್ಕರ್ ಅಕ್ಕ ಯಾರ ಮನಸ್ಸನ್ನೂ ನೋಯಿಸುವವಳಲ್ಲ. ಹಾಗಿದ್ದವಳು ಚೀಸಿನ ಬಿಸಿ ಉಂಡೆಯನ್ನು ಯಾಕೆ ಬೇಡ ಎಂದಳು?

ಅಜ್ಜನಿಗೆ ಇಷ್ಟೆಲ್ಲ ಹೇಳುವುದು ಹೇಗೆ? "ಮೊದಲು ತಿನ್ನೋಣ ಬನ್ನಿ ಸಾರ್" ಎಂದು ಎಲ್ಲರನ್ನೂ ಅತ್ತೆಯ ಗಾಡಿಗೆ ಕರೆದುಕೊಂಡು ಹೋದೆ. ಹಿಂದಿನ ಬೀದಿಯಲ್ಲಿ ಬಾಂಗ್ಲಾದವರ ಫುಚ್ಕಾ, ಅಂದರೆ ಅವರ ಪಾನಿಪುರಿ, ತಿಂದು ಬಾಯೆಲ್ಲ ಹುಣಸೆ ನೀರಾಗಿದ್ದ ಏಳೆಂಟು ಜನ. ಅತ್ತೆ ಒಂದೊಂದೇ ಅರೆಪಾ ಕೈಗಿಡುತ್ತಾ ಬಂದಳು. ಅಜ್ಜನ ಸರದಿ ಬಂದಾಗ ಅವರು ಎರಡೂ ಕೈ ಆಡಿಸಿದರು.

"ಅಯ್ಯೋ ಬೇಡ ಬಿಡಿ, ನಿಮಗೆ ಯಾಕೆ ತೊಂದ್ರೆ."

ಅತ್ತೆ ಆ ಅರೆಪಾವನ್ನು ಪಕ್ಕದವರಿಗೆ ಕೊಟ್ಟಳು. ನನ್ನ ಕಡೆ ತಿರುಗಿ, "ಯುರಾನಿ, ತಿನ್ನೋಕೆ ಮನಸ್ಸಿಲ್ದೋರ್ನ ತಿಂಡಿ ಬೀದಿಗೆ ಯಾಕೆ ಕರ್ಕೊಂಡು ಬರ್ತೀಯ?" ಎಂದಳು. ಅಜ್ಜನಿಗೆ ಸ್ಪ್ಯಾನಿಶ್ ತಿಳಿಯದು, ಪುಣ್ಯ. ಆದರೆ ಪಕ್ಕದವರ ಬಾಯಿಂದ ಚೀಸ್ ಎಳೆಎಳೆಯಾಗಿ ಇಳಿಯುವುದನ್ನು ಅವರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಹಸಿವಿಲ್ಲದವರು ನೋಡುವ ನೋಟವೇ ಅದು?

ಮುಂದೆ ಮೊಮೊ ಗಾಡಿ. ಡೋಲ್ಕರ್ ಅಕ್ಕ ಹಬೆ ಪಾತ್ರೆಯ ಮುಚ್ಚಳ ತೆಗೆದು ತಟ್ಟೆ ಚಾಚಿದಳು. ಅಜ್ಜ ಮತ್ತೆ ಕೈ ಆಡಿಸಿದರು.

"ಬೇಡಮ್ಮ, ಬೇಡ."

"ತಗೊಳ್ಳಿ ಅಜ್ಜ."

"ಇಲ್ಲಮ್ಮ, ಹೊಟ್ಟೆ ತುಂಬಿದೆ."

"ಎಲ್ಲಿ ತುಂಬಿದೆ? ಪ್ಯಾಂಟು ಜಾರ್ತಿದೆ. ತಗೊಳ್ಳಿ."

"ಸರಿ, ಒಂದೇ ಒಂದು, ನಿಮಗೆ ಬೇಜಾರಾಗಬಾರ್ದು ಅಂತ."

ತಟ್ಟೆ ಖಾಲಿ! ಖಾರದ ಚಟ್ನಿಗೆ ಮೂಗು ಕೆಂಪಾಗಿ ನೀರು ಸುರಿಯುತ್ತಿದ್ದರೂ ಅಜ್ಜ ಬಿಡಲಿಲ್ಲ. ನನಗೆ ತಡೆದುಕೊಳ್ಳಲಾಗಲಿಲ್ಲ.

"ಸಾರ್, ನಿಮಗೆ ಹಸಿವಿತ್ತು ತಾನೆ? ಮತ್ತೆ ಅಲ್ಲಿ ಯಾಕೆ ಬೇಡ ಅಂದ್ರಿ?"

"ಮೊದಲ್ನೇ ಸಲಾನೇ ಹ್ಞೂಂ ಅನ್ನೋಕಾಗುತ್ತಾ? ನಮ್ಮೂರಲ್ಲಿ ಹೊಟ್ಟೆಬಾಕ ಅಂತಾರೆ. ಎರಡು ಮೂರು ಸಲ ಹೇಳಿಸ್ಕೊಂಡು ತಗೋಬೇಕು. ಆ ನಿಮ್ಮತ್ತೆ ಒಂದೇ ಸಲ ಕೇಳಿ ಮುಂದೆ ಹೋಗ್ಬಿಟ್ರು" ಎಂದರು ಅಜ್ಜ, ನಿಜವಾಗಿಯೂ ನೊಂದ ಮುಖದಲ್ಲಿ.

ಡೋಲ್ಕರ್ ಅಕ್ಕ ಚಟ್ನಿ ಸೌಟನ್ನು ಎತ್ತಿ ಹಿಡಿದು, "ನೋಡು! ನಮ್ಮಲ್ಲೂ ಹಂಗೇ!" ಎಂದಳು. "ಒಂದೇ ಸಲ ಕೇಳೋದು ಬಾಯಿಮಾತಿಗೆ. ಕೊಡೋ ಮನಸ್ಸಿರೋರು ಬಲವಂತ ಮಾಡ್ತಾರೆ."

ನನ್ನ ತಲೆಯೊಳಗೆ ಏನೋ ಟಕ್ಕೆಂದಿತು. "ಅಕ್ಕ, ಕ್ರಿಸ್‌ಮಸ್‌ನಲ್ಲಿ ಅತ್ತೆ ಎಷ್ಟು ಸಲ ಕೇಳಿದ್ಲು?"

ಅವಳ ಮುಖ ಸಪ್ಪಗಾಯಿತು. "ಒಂದು ಸಲ. ನಾನು ಬೇಡ ಅಂತಿದ್ದಂಗೇ ತಟ್ಟೆ ಎತ್ಕೊಂಡು ಹೊರಟೇಬಿಟ್ಲು. ಅಲ್ಲಾ, ಕೊಡೋ ಮನಸ್ಸಿಲ್ದಿದ್ರೆ ತರೋದು ಯಾಕೆ? ನಂಗೆ ವಾಸನೆ ಮಾತ್ರ ಸಿಕ್ತು. ಮನೆಗೆ ಹೋಗಿ ಅತ್ತುಬಿಟ್ಟೆ, ಗೊತ್ತಾ."

"ಅಕ್ಕ, ನಮ್ಮಲ್ಲಿ ಬೇಡ ಅಂದ್ರೆ ಬೇಡ ಅಂತಲೇ. ಬೇಡ ಅಂದಮೇಲೆ ಮತ್ತೆ ಕೇಳಿದ್ರೆ ಹಿಂಸೆ ಕೊಟ್ಟ ಹಂಗೆ!"

ಅವಳು ಸೌಟನ್ನು ಕೆಳಗಿಟ್ಟು ಅತ್ತೆಯ ಗಾಡಿಯತ್ತ ತಿರುಗಿದಳು. ನಾನು ನಿಲ್ಲಲಿಲ್ಲ. ಜನರನ್ನೆಲ್ಲ ಅಲ್ಲೇ ಬಿಟ್ಟು ಅತ್ತೆಯ ಹತ್ತಿರ ಓಡಿ, ಒಂದೇ ಉಸಿರಿನಲ್ಲಿ ಎಲ್ಲವನ್ನೂ ಒದರಿದೆ. ಅತ್ತೆ ಅರೆಪಾ ತಿರುವಿ ಹಾಕುತ್ತಲೇ ಕೇಳಿದಳು. ತಲೆ ಎತ್ತಲಿಲ್ಲ.

"ಅಂದ್ರೆ ನಾನು ಬೇಡ್ಕೋಬೇಕಾ? ನನ್ನ ಅರೆಪಾ ತಿನ್ನಮ್ಮ ತಾಯಿ ಅಂತ?"

"ಬೇಡ್ಕೊಳ್ಳೋದಲ್ಲ ಅತ್ತೆ, ಒತ್ತಾಯ. ಪ್ರೀತಿಗೆ."

"ನಾಲ್ಕನೇ ಸಲಾನೂ ಬೇಡ ಅಂದ್ರೆ?"

"ಆಗ ಜಂಕ್ಷನ್‌ಗೆ ಹೋಗು. ನಾನೇ ಗಾಡಿ ತಳ್ತೀನಿ."

ಅತ್ತೆ ಹೆಂಚಿನ ಮೇಲಿಂದ ಚೆನ್ನಾಗಿ ಕೆಂಪಗಾಗಿದ್ದ ಒಂದನ್ನು ಆರಿಸಿ, ಮೇಲೆ ಬೆಣ್ಣೆ ಸವರಿ, ಕಾಗದದ ತಟ್ಟೆಗೆ ಹಾಕಿಕೊಂಡು ಏಪ್ರನ್ ಸರಿಮಾಡಿಕೊಂಡಳು. ಜಗಳಕ್ಕೆ ಹೊರಟವಳ ನಡಿಗೆ. ತುಟಿ ಸಣ್ಣಗೆ ಅಲುಗುತ್ತಿತ್ತು. ಎರಡನೇ ಸಲ ಏನು ಹೇಳಬೇಕು, ಮೂರನೇ ಸಲ ಏನು ಹೇಳಬೇಕು ಎಂದು ಅಭ್ಯಾಸ ಮಾಡುತ್ತಿದ್ದಳು ಎಂದು ಕಾಣುತ್ತದೆ. ನನ್ನ ಏಳೆಂಟು ಜನ ತಿನ್ನುವುದನ್ನೂ ಬಿಟ್ಟು ದಾರಿ ಬಿಟ್ಟರು.

"ಡೋಲ್ಕರ್," ಅತ್ತೆ ತಟ್ಟೆ ಚಾಚಿದಳು. "ಇದನ್ನ ತಿನ್ನು..."

"ಹ್ಞೂಂ! ಕೊಡು!"

ಡೋಲ್ಕರ್ ಅಕ್ಕ ಎರಡೂ ಕೈಯಿಂದ ತಟ್ಟೆಯನ್ನು ಹಿಡಿದೇಬಿಟ್ಟಳು. ಮೂರು ಸುತ್ತು ಒತ್ತಾಯಕ್ಕೆ ಸಿದ್ಧವಾಗಿ ಬಂದಿದ್ದ ಅತ್ತೆ ಗಾಬರಿಯಾಗಿ ತಟ್ಟೆ ಬಿಡಲೇ ಇಲ್ಲ. ಒಂದು ಕ್ಷಣ ಇಬ್ಬರೂ ಆ ಪುಟ್ಟ ತಟ್ಟೆಯನ್ನು ಆ ಕಡೆ ಈ ಕಡೆ ಎಳೆದಾಡಿದರು.

"ಏಯ್, ನಾನಿನ್ನೂ ಒತ್ತಾಯಾನೇ ಮಾಡಿಲ್ಲ!"

"ಮಾಡೋಕೆ ಬಿಟ್ರೆ ನೀನು ಮತ್ತೆ ಎತ್ಕೊಂಡು ಓಡ್ತೀಯ!"

ಅಜ್ಜ ಮೊದಲು ನಕ್ಕರು. ಆಮೇಲೆ ಯಾರು ನಕ್ಕರು ಯಾರು ಅತ್ತರು ನಾನು ಹೇಳಲಾರೆ, ಮೇಲೆ ಇನ್ನೊಂದು ರೈಲು ಬಂತು. ಅದು ದಾಟುವಷ್ಟರಲ್ಲಿ ಡೋಲ್ಕರ್ ಅಕ್ಕನ ಗಲ್ಲಕ್ಕೆಲ್ಲ ಚೀಸ್ ಮೆತ್ತಿತ್ತು, ಅತ್ತೆಯ ಮುಂದೆ ಮೊಮೊ ತಟ್ಟೆ ಬಂದಿತ್ತು. ಅತ್ತೆ ಬಹಳ ಗಂಭೀರವಾಗಿ, "ಬೇಡಪ್ಪ, ನಂಗೆ ಬೇಡ" ಎಂದು ನನ್ನ ಕಡೆ ಓರೆಗಣ್ಣಿನಲ್ಲಿ ನೋಡಿದಳು.

"ಸರಿ ಬಿಡು" ಎಂದು ಡೋಲ್ಕರ್ ಅಕ್ಕ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಳು.

"ಅಯ್ಯೋ ಪಾಪಿ, ಕೊಡೇ ಇಲ್ಲಿ!"

ಬಾಯಿ ತುಂಬ ಮೊಮೊ ತುಂಬಿಕೊಂಡೇ ಅತ್ತೆ ನನಗೆ ಆಜ್ಞೆ ಮಾಡಿದಳು. "ಯುರಾನಿ, ಮುಂದಿನ ಶನಿವಾರ ಜನರನ್ನ ಮೊದಲು ಇಲ್ಲಿಗೇ ಕರ್ಕೊಂಡು ಬಾ. ಹಸಿದಿರೋವಾಗ. ಈಗ ಈ ಅಜ್ಜನಿಗೊಂದು ಅರೆಪಾ ಕೊಡು. ಬೇಡ ಅಂದ್ರೆ ಬಾಯಿಗೆ ತುರುಕು."